ಕಪ್ ಎತ್ತಿದ ನಾಯಕನನ್ನೇ ಬಿಟ್ಟುಕೊಟ್ಟರಲ್ಲ, ಯಾಕೆ?

ಪ್ರಶ್ನೆ: ಸರ್, ನಾವು ದಾವಣಗೆರೆ ಕಡೆಯವರು. ಹನ್ನೊಂದು ವರ್ಷದಿಂದ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದ್ದೇವೆ. ಇಲ್ಲಿನ ಐಸ್ ಹಾಕಿ ತಂಡ ಬ್ಲೂಸ್ 2019ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಾಗ ನನ್ನ ಮಗನಿಗೆ ಏಳು ವರ್ಷ. ತಂಡದ ನಾಯಕ, ಡಿಫೆನ್ಸ್‌ಮನ್ ಅಲೆಕ್ಸ್ ಪೀಟ್ರಾಂಜೆಲೊ ಅಂದರೆ ಅವನಿಗೆ ಪ್ರಾಣ. 27ನೇ ನಂಬರಿನ ಜೆರ್ಸಿ ಕೊಡಿಸಿದ್ದೆವು. ಮರುವರ್ಷವೇ ಅವರು ವೇಗಸ್‌ಗೆ ಹೋದರು. ಮಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. 2023ರಲ್ಲಿ ಅವರು ಅಲ್ಲಿಯೂ ಕಪ್ ಗೆದ್ದರು. ಈಗ ಸೊಂಟದ ತೊಂದರೆಯಿಂದ ಆಟವನ್ನೇ ನಿಲ್ಲಿಸಿದ್ದಾರೆ. ಜೆರ್ಸಿ ಚಿಕ್ಕದಾಗಿದೆ, ಆದರೆ ಮಗ ಯಾರಿಗೂ ಕೊಡಲು ಬಿಡುವುದಿಲ್ಲ. ‘ಅಂಥವರನ್ನು ಯಾಕಮ್ಮ ಬಿಟ್ಟರು?’ ಎಂದು ಇವತ್ತಿಗೂ ಕೇಳುತ್ತಾನೆ. ಆಟಗಾರನಿಗೆ ದುಡ್ಡಿನ ಆಸೆ ಅಂತ ನಮ್ಮ ಮನೆಯವರು ಹೇಳುತ್ತಾರೆ. ಮಾಲೀಕರು ಜಿಪುಣರು ಅಂತ ಪಕ್ಕದ ಮನೆಯವರು. ನನಗೆ ಬೇರೆಯೇ ಅನುಮಾನ. ಅದೇ ವಾರ ಟೋರಿ ಕ್ರೂಗ್ ಎಂಬ ಇನ್ನೊಬ್ಬ ಡಿಫೆನ್ಸ್‌ಮನ್‌ಗೆ ಏಳು ವರ್ಷಕ್ಕೆ ಸಹಿ ಹಾಕಿಸಿದರಲ್ಲ, ಇವರಿಗಿಲ್ಲದ ದುಡ್ಡು ಅವರಿಗೆ ಎಲ್ಲಿಂದ ಬಂತು? ಹೋಗುವವರೇ ಆಗಿದ್ದರೆ ಮೊದಲೇ ಬೇರೆ ತಂಡಕ್ಕೆ ಕೊಟ್ಟು ಬದಲಿಗೆ ಯಾರನ್ನಾದರೂ ತರಬಹುದಿತ್ತು ಅಲ್ವಾ? ತಂಡ ಮಾಡಿದ್ದು ಸರಿಯಾ?

ಉತ್ತರ: ನೀವು ಕ್ರೂಗ್ ಬಗ್ಗೆ ಕೇಳಿದ್ದು ನನಗೆ ತುಂಬಾ ಹಿಡಿಸಿತು. ಎಲ್ಲರೂ ‘ಎಷ್ಟು ಕೊಟ್ಟರು’ ಎಂದು ಕೇಳುತ್ತಾರೆ. ‘ಇವರಿಗಿಲ್ಲದ್ದು ಅವರಿಗೆ ಎಲ್ಲಿಂದ ಬಂತು’ ಎಂದು ಕೇಳುವವರು ಕಡಿಮೆ. ಗಂಟು ಇರುವುದೇ ಅಲ್ಲಿ.

ನಾನು ಕೋಚ್ ಅಲ್ಲ, ವಕೀಲನೂ ಅಲ್ಲ. ಟೊರೊಂಟೊ ಹತ್ತಿರ ಹಾಕಿ ಆಟಗಾರರ ತೆರಿಗೆ ಮತ್ತು ಒಪ್ಪಂದದ ಲೆಕ್ಕ ನೋಡುವುದು ನನ್ನ ಕಸುಬು. ಪೀಟ್ರಾಂಜೆಲೊ ಅವರ ಲೆಕ್ಕ ನಾನು ನೋಡಿದವನಲ್ಲ. ಆ ಒಪ್ಪಂದದ ಬಹಿರಂಗ ಅಂಕಿಗಳನ್ನು ಮಾತ್ರ ಈ ಕಸುಬಿನವರೆಲ್ಲರ ಹಾಗೆ ನಾನೂ ಮತ್ತೆ ಮತ್ತೆ ಓದಿದ್ದೇನೆ.

ಮೊದಲು ನಿಮ್ಮ ಮಗನ ಪರ ಒಂದು ಮಾತು. ಅವನ ದುಃಖ ಸುಮ್ನೆ ಬಂದದ್ದಲ್ಲ. 2019ರ ಜನವರಿ ಮೊದಲ ವಾರದಲ್ಲಿ ಬ್ಲೂಸ್ ಇಡೀ ಲೀಗಿನಲ್ಲೇ ಕಟ್ಟಕಡೆಯ ಸ್ಥಾನದಲ್ಲಿತ್ತು. ಜೂನ್ 12ರಂದು ಬಾಸ್ಟನ್‌ನಲ್ಲಿ ಏಳನೇ ಪಂದ್ಯ ಗೆದ್ದು ಕಪ್ ಹಿಡಿಯಿತು. 1967ರಲ್ಲಿ ಹುಟ್ಟಿದ ತಂಡಕ್ಕೆ ಅದೇ ಮೊದಲ ಕಪ್. 4-1ರ ಆ ಪಂದ್ಯದಲ್ಲಿ ಎರಡನೇ ಗೋಲು ಹೊಡೆದವರು ಪೀಟ್ರಾಂಜೆಲೊ. ಮೊದಲ ಅವಧಿ ಮುಗಿಯಲು ಎಂಟು ಸೆಕೆಂಡ್ ಮಾತ್ರ ಬಾಕಿ ಇತ್ತು. ಬಾಸ್ಟನ್‌ಗೆ ಸಿಕ್ಕಿದ್ದು ಒಂದೇ ಗೋಲು, ಹಾಗಾಗಿ ಲೆಕ್ಕಕ್ಕೆ ಅದೇ ಗೆಲುವಿನ ಗೋಲು. ಕಪ್ಪನ್ನು ಮೊದಲು ಎತ್ತಿದವರೂ ಅವರೇ. ಹೆಂಡತಿಯ ಊರು ಕೂಡ ಸೇಂಟ್ ಲೂಯಿಸ್. ಇಂಥವರು ಹೋಗುತ್ತಾರೆ ಎಂದು ಯಾರು ಎಣಿಸುತ್ತಾರೆ?

ಈಗ ದುಡ್ಡಿನ ಲೆಕ್ಕ. 2020ಕ್ಕೆ ಮುಗಿದ ಹಳೆಯ ಒಪ್ಪಂದದಲ್ಲಿ ಅವರಿಗೆ ವರ್ಷಕ್ಕೆ ಸರಾಸರಿ 65 ಲಕ್ಷ ಡಾಲರ್. ವೇಗಸ್ ಗೋಲ್ಡನ್ ನೈಟ್ಸ್ ಏಳು ವರ್ಷಕ್ಕೆ 6 ಕೋಟಿ 16 ಲಕ್ಷ ಡಾಲರ್ ಕೊಟ್ಟಿತು, ಅಂದರೆ ವರ್ಷಕ್ಕೆ 88 ಲಕ್ಷ. ಕ್ರೂಗ್‌ಗೆ ಬ್ಲೂಸ್ ಕೊಟ್ಟದ್ದು ಏಳು ವರ್ಷಕ್ಕೆ 4 ಕೋಟಿ 55 ಲಕ್ಷ, ಅಂದರೆ ವರ್ಷಕ್ಕೆ 65 ಲಕ್ಷ. ಈ 65 ಲಕ್ಷ ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಿ. ದೆವ್ವದ ಹಾಗೆ ಮತ್ತೆ ಮತ್ತೆ ಬರುತ್ತದೆ.

ಇಲ್ಲಿನ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಸ್ಯಾಲರಿ ಕ್ಯಾಪ್, ಅಂದರೆ ಸಂಬಳದ ಮಿತಿ ಇದೆ. ಮಾಲೀಕರ ಬಳಿ ಎಷ್ಟೇ ದುಡ್ಡಿದ್ದರೂ ಇಡೀ ತಂಡದ ಸಂಬಳ ಆ ಮಿತಿ ದಾಟುವಂತಿಲ್ಲ. ಐಪಿಎಲ್‌ನಲ್ಲಿ ‘ಪರ್ಸ್’ ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. 2022ರ ಹರಾಜಿಗೆ ಮುಂಚೆ ನಮ್ಮ ಆರ್‌ಸಿಬಿ ಕೊಹ್ಲಿ, ಮ್ಯಾಕ್ಸ್‌ವೆಲ್, ಸಿರಾಜ್ ಮೂವರನ್ನು ಇಟ್ಟುಕೊಂಡು ಚಾಹಲ್ ಅವರನ್ನು ಬಿಟ್ಟಾಗ ಊರೆಲ್ಲ ಬೈದಿದ್ದು ನೆನಪಿರಬಹುದು. ಆದರೆ ಐಪಿಎಲ್‌ನಲ್ಲಿ ಮೂರು ವರ್ಷಕ್ಕೊಮ್ಮೆ ದೊಡ್ಡ ಹರಾಜು ಬಂದು ಎಲ್ಲ ಹೊಸದಾಗಿ ಶುರುವಾಗುತ್ತದೆ. ಇಲ್ಲಿ ಹಾಗಿಲ್ಲ. ಇವತ್ತು ಹಾಕಿದ ಸಹಿ ಏಳೆಂಟು ವರ್ಷ ಕೊರಳಿಗೆ ಕಟ್ಟಿದ ಕಲ್ಲಾಗಬಹುದು.

ಬ್ಲೂಸ್ ಕೊರಳಲ್ಲಿ ಆಗಲೇ ಕಲ್ಲುಗಳಿದ್ದವು. ಓರೈಲಿ, ತಾರಸೆಂಕೊ ತಲಾ 75 ಲಕ್ಷ. ಶೆನ್‌ಗೆ 65 ಲಕ್ಷ, ಎಂಟು ವರ್ಷದ ಹೊಸ ಒಪ್ಪಂದ. ಫಾಕ್‌ಗೆ 65 ಲಕ್ಷ, ಏಳು ವರ್ಷ. ಸ್ಟೀನ್, ಪರೈಕೊ, ಶ್ವಾರ್ಟ್ಸ್, ಬಿನ್ನಿಂಗ್ಟನ್, ಸ್ಕ್ಯಾಂಡೆಲಾ ಸೇರಿಸಿದರೆ ಒಂಬತ್ತು ಜನಕ್ಕೇ 5 ಕೋಟಿ 20 ಲಕ್ಷ ದಾಟುತ್ತಿತ್ತು. ಮಿತಿ ಇದ್ದದ್ದು 8 ಕೋಟಿ 15 ಲಕ್ಷ. ಉಳಿದದ್ದರಲ್ಲಿ ಇನ್ನೂ ಹದಿಮೂರು ಹದಿನಾಲ್ಕು ಆಟಗಾರರು ಬೇಕು. ಜಾಗ ಮಾಡಲೆಂದು ಗೋಲಿ (ಗೋಲ್‌ಕೀಪರ್) ಜೇಕ್ ಆಲನ್ ಅವರನ್ನು ಮಾಂಟ್ರಿಯಲ್‌ಗೆ ಕಳಿಸಿದರು. ಅದೂ ಸಾಲಲಿಲ್ಲ.

ಈ ಪಟ್ಟಿಯಲ್ಲಿ ಜಸ್ಟಿನ್ ಫಾಕ್ ಹೆಸರಿನ ಮುಂದೆ ಸ್ವಲ್ಪ ನಿಲ್ಲಬೇಕು. ಅವರನ್ನು ಬ್ಲೂಸ್ ತಂದದ್ದು 2019ರ ಸೆಪ್ಟೆಂಬರ್‌ನಲ್ಲಿ, ಕಪ್ ಗೆದ್ದು ಮೂರೇ ತಿಂಗಳಿಗೆ. ಬಂದ ದಿನವೇ ಏಳು ವರ್ಷದ ಹೊಸ ಒಪ್ಪಂದವನ್ನೂ ಮಾಡಿಕೊಂಡರು. ಅವರೂ ಪೀಟ್ರಾಂಜೆಲೊ ಹಾಗೆ ಬಲಗೈ ಡಿಫೆನ್ಸ್‌ಮನ್. ಆಗ ಪೀಟ್ರಾಂಜೆಲೊ ಒಪ್ಪಂದದಲ್ಲಿ ಒಂದೇ ವರ್ಷ ಬಾಕಿ. ಲೀಗಿನ ನಿಯಮದ ಪ್ರಕಾರ ಆ ವರ್ಷದ ಜುಲೈ 1ರಿಂದಲೇ ಅವರ ಜೊತೆ ಹೊಸ ಒಪ್ಪಂದ ಮಾಡಬಹುದಿತ್ತು. ಆಗಲಿಲ್ಲ. ನಾಯಕನ ಸಹಿಗೆ ಮೊದಲೇ ಅದೇ ಜಾಗದ ಇನ್ನೊಬ್ಬನಿಗೆ ಸಹಿ ಹಾಕಿಸಿದರೆ, ಮನೆಯಲ್ಲಿ ದೊಡ್ಡ ಮಗ ಇರುವಾಗಲೇ ಅಂಗಡಿಯ ಬೀಗದ ಕೈ ಬೇರೆಯವರಿಗೆ ಕೊಟ್ಟ ಹಾಗೆ. ಬಾಗಿಲು ಮುಚ್ಚಿದ್ದು 2020ರ ಅಕ್ಟೋಬರ್‌ನಲ್ಲಿ ಎಂದು ಜನ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಅರ್ಧ ಮುಚ್ಚಿದ್ದು ಫಾಕ್ ಬಂದ ದಿನ.

ಆಮೇಲೆ ಕೋವಿಡ್ ಬಂತು. ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. 2020ರ ಮಾರ್ಚ್ ಮೊದಲ ವಾರ ಲೀಗ್ ಎಲ್ಲ ಜನರಲ್ ಮ್ಯಾನೇಜರುಗಳಿಗೆ ಒಂದು ಅಂದಾಜು ಕೊಟ್ಟಿತ್ತು. ಮುಂದಿನ ವರ್ಷದ ಮಿತಿ 8 ಕೋಟಿ 40 ಲಕ್ಷದಿಂದ 8 ಕೋಟಿ 82 ಲಕ್ಷದ ನಡುವೆ ಇರುತ್ತದೆ ಎಂದು. ಮಾರ್ಚ್ 12ಕ್ಕೆ ಲೀಗ್ ನಿಂತಿತು. ಮಿತಿ 8 ಕೋಟಿ 15 ಲಕ್ಷದಲ್ಲೇ ಕೂತಿತು, 2022ರ ಬೇಸಿಗೆಯವರೆಗೂ ಏಳಲಿಲ್ಲ. ಕಳೆದುಹೋದದ್ದು ಕಡಿಮೆ ಅಂದರೂ 25 ಲಕ್ಷ. ಪೀಟ್ರಾಂಜೆಲೊ ಅವರ ಹಳೆಯ ಸಂಬಳಕ್ಕೂ ವೇಗಸ್ ಕೊಟ್ಟದ್ದಕ್ಕೂ ಇರುವ ವ್ಯತ್ಯಾಸ 23 ಲಕ್ಷ. ನೋಡಿ, ಎಷ್ಟು ಹತ್ತಿರ! ಮಿತಿ ಏರಿದ್ದರೆ ಅವರು ಉಳಿಯುತ್ತಿದ್ದರು ಎಂದು ನಾನು ಆಣೆ ಮಾಡುವುದಿಲ್ಲ. ಆದರೆ ಮಾತುಕತೆಯ ಮೇಜಿನ ಮೇಲೆ ಉಸಿರಾಡಲು ಜಾಗ ಇರುತ್ತಿತ್ತು.

ಹಾಗಾದರೆ ಬರೀ 23 ಲಕ್ಷದ ಜಗಳವೇ? ಅಲ್ಲ. ಒಟ್ಟು ಮೊತ್ತದಲ್ಲಿ ಎರಡೂ ಕಡೆ ಅಂಥ ದೂರವೇನೂ ಇರಲಿಲ್ಲ ಎಂದೇ ಆಗಿನ ವರದಿಗಳೆಲ್ಲ ಹೇಳಿದವು. ಸಿಕ್ಕಿಹಾಕಿಕೊಂಡದ್ದು ಎರಡು ಷರತ್ತುಗಳಲ್ಲಿ. ಒಂದು, ನೋ ಮೂವ್‌ಮೆಂಟ್ ಕ್ಲಾಸ್. ಇನ್ನೊಂದು, ಸೈನಿಂಗ್ ಬೋನಸ್. ಇವೆರಡು ಅರ್ಥವಾದರೆ ನಿಮ್ಮ ಪ್ರಶ್ನೆಗೆ ಮುಕ್ಕಾಲು ಉತ್ತರ ಸಿಕ್ಕ ಹಾಗೆ.

ಬೋನಸ್ ಅಂದರೆ ದೀಪಾವಳಿ ಬೋನಸ್ ಅಲ್ಲ. ಒಪ್ಪಂದದ ಒಟ್ಟು ದುಡ್ಡಿನಲ್ಲೇ ಒಂದು ಭಾಗವನ್ನು ಸಂಬಳದ ಬದಲು ಪ್ರತಿ ವರ್ಷ ಸಾಮಾನ್ಯವಾಗಿ ಜುಲೈ 1ರಂದು ಒಂದೇ ಗಂಟಾಗಿ ಕೊಡುವುದು. ಕ್ಯಾಪ್ ಲೆಕ್ಕದಲ್ಲಿ ಇದರಿಂದ ಏನೂ ಬದಲಾಗುವುದಿಲ್ಲ, ಅಲ್ಲಿ ಸರಾಸರಿ ಮಾತ್ರ ನೋಡುತ್ತಾರೆ. ಬದಲಾಗುವುದು ದುಡ್ಡಿನ ಗಟ್ಟಿತನ. ತಂಡಕ್ಕೆ ಆಟಗಾರ ಬೇಡವಾದರೆ ‘ಬೈಔಟ್’ ಮಾಡಬಹುದು, ಅಂದರೆ ಬಾಕಿ ಸಂಬಳದ ಮೂರನೇ ಎರಡು ಭಾಗ ಕೊಟ್ಟು, ಅದನ್ನೂ ಎರಡು ಪಟ್ಟು ವರ್ಷಗಳಿಗೆ ಹಂಚಿ, ಕೈ ತೊಳೆದುಕೊಳ್ಳಬಹುದು. ಈ ಕತ್ತರಿ ಸಂಬಳಕ್ಕೆ ಮಾತ್ರ, ಬೋನಸ್‌ಗೆ ಇಲ್ಲ.

ಸುಮ್ನೆ ಒಂದು ಲೆಕ್ಕ ಹಾಕೋಣ. ವರ್ಷಕ್ಕೆ 90 ಲಕ್ಷದಂತೆ ಎರಡು ವರ್ಷ ಬಾಕಿ ಇದೆ ಅಂದುಕೊಳ್ಳಿ. ಎಲ್ಲವೂ ಸಂಬಳವಾದರೆ ಬೈಔಟ್‌ನಿಂದ ತಂಡಕ್ಕೆ 60 ಲಕ್ಷ ಉಳಿತಾಯ. ಅದೇ 90ರಲ್ಲಿ 80 ಲಕ್ಷ ಬೋನಸ್ ಆಗಿದ್ದರೆ ಎರಡು ವರ್ಷ ಸೇರಿ ಉಳಿಯುವುದು 7 ಲಕ್ಷಕ್ಕೂ ಕಡಿಮೆ. ಹಾಗಾದರೆ ಬೈಔಟ್ ಮಾಡಿ ಏನು ಸುಖ? ಒಪ್ಪಂದ ಕಲ್ಲಿನ ಮೇಲೆ ಕೆತ್ತಿದ ಹಾಗಾಯಿತು. ಲೀಗಿನಲ್ಲಿ ಲಾಕ್‌ಔಟ್ ಆದರೂ ಬೋನಸ್ ಕೈಗೆ ಬರುತ್ತದೆ. 2004-05ರಲ್ಲಿ ಇಡೀ ಸೀಸನ್ನೇ ರದ್ದಾಗಿತ್ತು. ಏಜೆಂಟರು ಅದನ್ನು ಮರೆತಿಲ್ಲ.

ಈಗ 2020ರ ಅಕ್ಟೋಬರ್ ನೆನೆಸಿಕೊಳ್ಳಿ. ಸ್ಟೇಡಿಯಂಗಳು ಖಾಲಿ. ಹಾಕಿ ಲೀಗಿಗೆ ಟಿಕೆಟ್ ದುಡ್ಡೇ ದೊಡ್ಡ ಆಸರೆ. ಮುಂದಿನ ಸೀಸನ್ ಯಾವಾಗ, ಜನ ಬರುತ್ತಾರಾ, ಯಾರಿಗೂ ಗೊತ್ತಿಲ್ಲ. ಅಂಥ ಹೊತ್ತಲ್ಲಿ ಸೇಂಟ್ ಲೂಯಿಸ್‌ನಂಥ ಸಣ್ಣ ಮಾರುಕಟ್ಟೆಯ ತಂಡಕ್ಕೆ ಒಂದೇ ದಿನ ದೊಡ್ಡ ಗಂಟು ಎಣಿಸಿ ಕೊಡು ಅಂದರೆ ಎದೆ ಡವಡವ ಅನ್ನುವುದು ಸಹಜ. ಆಟಗಾರನ ಕಡೆಯಿಂದ ನೋಡಿದರೆ, ಅದೇ ಅನಿಶ್ಚಿತತೆಗಾಗಿಯೇ ಅವರಿಗೆ ಗಟ್ಟಿ ದುಡ್ಡು ಬೇಕಿತ್ತು. ಇಬ್ಬರ ಭಯವೂ ನಿಜ. ವೇಗಸ್ ಕೊಟ್ಟ ಒಪ್ಪಂದದಲ್ಲಿ ಅರ್ಧಕ್ಕಿಂತ ಜಾಸ್ತಿ ದುಡ್ಡು ಬೋನಸ್ ರೂಪದಲ್ಲಿತ್ತು.

ಇಲ್ಲಿ ಪಕ್ಕದ ಮನೆಯವರ ಜಿಪುಣತನದ ವಾದವನ್ನೂ ಮುಗಿಸಿಬಿಡುತ್ತೇನೆ. 2018ರ ಜುಲೈ 1ರಂದು ಬಫಲೊ ತಂಡ ರಯಾನ್ ಓರೈಲಿಯನ್ನು ಬ್ಲೂಸ್‌ಗೆ ಕೊಟ್ಟಿತು. ಅದೇ ದಿನ ಅವರಿಗೆ 75 ಲಕ್ಷ ಡಾಲರ್ ಬೋನಸ್ ಕೊಡಬೇಕಿತ್ತು. ಬ್ಲೂಸ್ ಮಾಲೀಕರು ಅದನ್ನು ಕೊಟ್ಟೇ ಅವರನ್ನು ತಂದರು. ಮರುವರ್ಷ ಕಪ್ ಬಂತು, ಪ್ಲೇಆಫ್‌ನ ಶ್ರೇಷ್ಠ ಆಟಗಾರ ಓರೈಲಿ. ಇದು ಜಿಪುಣರು ಮಾಡುವ ಕೆಲಸವೇ? ಬೋನಸ್ ಅವರಿಗೆ ಆಗದ ವಿಷಯವಾಗಿರಲಿಲ್ಲ. ಖಾಲಿ ಸ್ಟೇಡಿಯಂ ಇಟ್ಟುಕೊಂಡು, 37 ವರ್ಷದವರೆಗೆ ಹೋಗುವ ಒಪ್ಪಂದಕ್ಕೆ ಅಷ್ಟು ಬೋನಸ್ ಎಂಬುದು ಬೇರೆ ಮಾತು.

ಇನ್ನು ನೋ ಮೂವ್‌ಮೆಂಟ್. ಇದು ಇದ್ದರೆ ಆಟಗಾರನ ಒಪ್ಪಿಗೆ ಇಲ್ಲದೆ ಅವರನ್ನು ಬೇರೆ ತಂಡಕ್ಕೆ ಕೊಡುವ ಹಾಗಿಲ್ಲ, ಯಾವ ತಂಡವಾದರೂ ಎತ್ತಿಕೊಳ್ಳಲಿ ಎಂದು ವೇವರ್ಸ್‌ ಪಟ್ಟಿಗೆ ಹಾಕುವ ಹಾಗಿಲ್ಲ, ಕೆಳಗಿನ ಲೀಗಿಗೆ ಕಳಿಸುವ ಹಾಗಿಲ್ಲ. ನೋ ಟ್ರೇಡ್ ಎಂಬುದು ಇದರ ತಮ್ಮ, ಟ್ರೇಡ್ ಅಂದರೆ ಬೇರೆ ತಂಡಕ್ಕೆ ಕೊಡುವುದನ್ನು ಮಾತ್ರ ತಡೆಯುತ್ತದೆ. ಬ್ಲೂಸ್ ಜನರಲ್ ಮ್ಯಾನೇಜರ್ ಡಗ್ ಆರ್ಮ್‌ಸ್ಟ್ರಾಂಗ್ ತಮ್ಮನನ್ನು ಕೊಡುತ್ತಿದ್ದರು, ಅಣ್ಣನನ್ನು ಕೊಡಲು ಒಲ್ಲೆ ಅನ್ನುತ್ತಿದ್ದರು.

ಆಟಗಾರರು ಇದಕ್ಕೆ ಅಷ್ಟು ಹಟ ಹಿಡಿಯುವುದು ಯಾಕೆ ಎಂದು ನನಗೆ ಗೊತ್ತಾದದ್ದು ಒಬ್ಬ ಡಿಫೆನ್ಸ್‌ಮನ್‌ನಿಂದ. ಹೆಸರು ಬೇಡ. ಮಧ್ಯಾಹ್ನ ಫೋನ್ ಬಂತು, ಮರುದಿನ ಬೆಳಗ್ಗೆ ಎರಡು ಸಾವಿರ ಮೈಲಿ ದೂರದ ಊರಲ್ಲಿ ಅಭ್ಯಾಸಕ್ಕೆ ಹಾಜರಾಗಬೇಕಿತ್ತು. ಹೆಂಡತಿಗೆ ಎಂಟು ತಿಂಗಳು. ಬಾಡಿಗೆ ಮನೆ, ಕಾರು, ಡಾಕ್ಟರ್, ಎಲ್ಲ ಅಲ್ಲೇ ಬಿಟ್ಟು ಹೊರಟರು. ಆ ವರ್ಷದ ತೆರಿಗೆ ಲೆಕ್ಕ ಮಾಡುವಾಗ ಅವರು ನನಗೆ ಹೇಳಿದ್ದು, ಮುಂದಿನ ಸಲ ಐದು ಲಕ್ಷ ಕಡಿಮೆ ಕೊಟ್ಟರೂ ಪರವಾಗಿಲ್ಲ, ಆ ಷರತ್ತು ಬೇಕು ಅಂತ. ಮನೆಯಲ್ಲಿ ನಾಲ್ಕು ಚಿಕ್ಕ ಮಕ್ಕಳಿರುವ ಮೂವತ್ತರ ಪೀಟ್ರಾಂಜೆಲೊ ಇದನ್ನು ಕೇಳಿದರೆ ಅದು ದುರಾಸೆ ಅಲ್ಲ. ನಿಮ್ಮ ಯಜಮಾನರಿಗೆ ದಯವಿಟ್ಟು ಹೇಳಿ.

ತಂಡಗಳಿಗೆ ಹೆದರಿಕೆ ಯಾಕೆ? ಇದಕ್ಕೆ ವೇಡ್ ರೆಡೆನ್ ಕಥೆ ಹೇಳಬೇಕು. 2006ರಲ್ಲಿ ಒಟ್ಟಾವಾ ತಂಡದಲ್ಲಿ ಇಬ್ಬರು ಒಳ್ಳೆ ಡಿಫೆನ್ಸ್‌ಮನ್‌ಗಳ ಒಪ್ಪಂದ ಒಟ್ಟಿಗೆ ಮುಗಿಯಿತು. ರೆಡೆನ್ ಮತ್ತು ಆರಡಿ ಒಂಬತ್ತು ಇಂಚಿನ ಜ್ಡೆನೊ ಚಾರಾ. ಇಬ್ಬರಿಗೂ ಕೊಡಲು ಜಾಗವಿರಲಿಲ್ಲ. ಒಟ್ಟಾವಾ ರೆಡೆನ್ ಅವರನ್ನು ಇಟ್ಟುಕೊಂಡಿತು, ವರ್ಷಕ್ಕೆ 65 ಲಕ್ಷ. ಹೌದು, ಅದೇ ಅಂಕಿ. ಚಾರಾ ಬಾಸ್ಟನ್‌ಗೆ ಹೋಗಿ ನಾಯಕರಾಗಿ 2011ರಲ್ಲಿ ಕಪ್ ಎತ್ತಿದರು. ರೆಡೆನ್ 2008ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ಸೇರಿದರು, ಆರು ವರ್ಷ, ಮತ್ತೆ ವರ್ಷಕ್ಕೆ 65 ಲಕ್ಷ. ಎರಡೇ ವರ್ಷದಲ್ಲಿ ಕಾಲಿನ ವೇಗ ಹೋಯಿತು. 2010ರಲ್ಲಿ ರೇಂಜರ್ಸ್ ಅವರನ್ನು ಕೆಳಗಿನ ಲೀಗಿನ ಹಾರ್ಟ್‌ಫರ್ಡ್‌ಗೆ ಕಳಿಸಿ ಕ್ಯಾಪ್ ಉಳಿಸಿಕೊಂಡಿತು. ನೋ ಮೂವ್‌ಮೆಂಟ್ ಇಲ್ಲದ್ದರಿಂದ ತಾನೇ ಅದು ಸಾಧ್ಯವಾದದ್ದು? ಆಮೇಲೆ ಲೀಗ್ ಆ ಕಿಂಡಿಯನ್ನೂ ಬಹುಪಾಲು ಮುಚ್ಚಿತು. ಪ್ರತಿ ಜನರಲ್ ಮ್ಯಾನೇಜರ್ ತಲೆಯ ಮೂಲೆಯಲ್ಲಿ ಒಬ್ಬ ರೆಡೆನ್ ಕೂತಿರುತ್ತಾರೆ.

ಬ್ಲೂಸ್‌ಗೆ ಇನ್ನೊಂದು ತಲೆನೋವೂ ಇತ್ತು. 2021ರಲ್ಲಿ ಸಿಯಾಟಲ್ ಎಂಬ ಹೊಸ ತಂಡ ಬರಲಿತ್ತು. ಹೊಸ ತಂಡ ಬಂದಾಗ ಹಳೆಯ ತಂಡಗಳು ಕೆಲವರನ್ನು ಮಾತ್ರ ಕಾಪಾಡಿಕೊಳ್ಳಬಹುದು, ಉಳಿದವರಲ್ಲಿ ಒಬ್ಬರನ್ನು ಹೊಸಬರು ಎತ್ತಿಕೊಳ್ಳುತ್ತಾರೆ. ಸಾಮಾನ್ಯ ಆಯ್ಕೆಯಲ್ಲಿ ಮೂವರು ಡಿಫೆನ್ಸ್‌ಮನ್‌ಗಳಿಗೆ ಮಾತ್ರ ರಕ್ಷಣೆ. ನೋ ಮೂವ್‌ಮೆಂಟ್ ಇರುವವರನ್ನು ಕಡ್ಡಾಯವಾಗಿ ಕಾಪಾಡಬೇಕು. ಬ್ಲೂಸ್ ಕೊನೆಗೆ ಫಾಕ್, ಕ್ರೂಗ್, ಪರೈಕೊ ಮೂವರನ್ನು ಕಾಪಾಡಿತು, ವಿನ್ಸ್ ಡನ್ ಅವರನ್ನು ಕಳೆದುಕೊಂಡಿತು. ವೇಗಸ್? ಅದು 2017ರಲ್ಲಿ ಹುಟ್ಟಿದ ತಂಡ. ಹೊಸಬರೆಂದು ಆ ಸಲ ಪೂರ್ತಿ ವಿನಾಯಿತಿ ಸಿಕ್ಕಿತ್ತು. ಅಂದರೆ ಒಂದೇ ಷರತ್ತು, ಒಂದೇ ಅಕ್ಷರಗಳು. ಸೇಂಟ್ ಲೂಯಿಸ್‌ನಲ್ಲಿ ದುಬಾರಿ, ವೇಗಸ್‌ನಲ್ಲಿ ಅಗ್ಗ. ಮಿಸೌರಿಯಲ್ಲಿ ರಾಜ್ಯದ ಆದಾಯ ತೆರಿಗೆ ಇದೆ, ನೆವಾಡಾದಲ್ಲಿ ಇಲ್ಲ ಎಂಬುದನ್ನೂ ಸೇರಿಸಿಕೊಳ್ಳಿ. ಅದು ಕೇಳಿದಷ್ಟು ದೊಡ್ಡ ಲಾಭವಲ್ಲ, ಯಾಕೆಂದರೆ ಹೊರ ಊರಿನ ಪಂದ್ಯಗಳಿಗೆ ಆಯಾ ರಾಜ್ಯಗಳು ಪಾಲು ಕೇಳುತ್ತವೆ. ಆದರೂ ಲಾಭವೇ.

ಕ್ರೂಗ್‌ಗೆ ದುಡ್ಡು ಎಲ್ಲಿಂದ ಬಂತು ಎಂಬುದಕ್ಕೆ ಈಗ ಉತ್ತರ ಸಿಕ್ಕಿತಲ್ಲ? ಪೀಟ್ರಾಂಜೆಲೊ ಖಾಲಿ ಮಾಡಿದ ಅದೇ 65 ಲಕ್ಷದ ಕುರ್ಚಿ. ಅಕ್ಟೋಬರ್ 9ರಂದು ಫ್ರೀ ಏಜೆನ್ಸಿ, ಅಂದರೆ ಒಪ್ಪಂದ ಮುಗಿದವರು ಯಾವ ತಂಡಕ್ಕಾದರೂ ಸಹಿ ಮಾಡಬಹುದಾದ ಕಾಲ ಶುರುವಾಯಿತು, ಅದೇ ದಿನ ಕ್ರೂಗ್ ಸಹಿ ಮಾಡಿದರು. ಪೀಟ್ರಾಂಜೆಲೊ ಇನ್ನೂ ಎಲ್ಲಿಯೂ ಸಹಿ ಮಾಡಿರಲಿಲ್ಲ, ಅವರದ್ದಾದದ್ದು 12ಕ್ಕೆ. ಬ್ಲೂಸ್ ಕಾಯಲಿಲ್ಲ. ಕಾದಿದ್ದರೆ ಇಬ್ಬರೂ ಕೈತಪ್ಪುವ ಅಪಾಯವಿತ್ತು. ಇಷ್ಟಾದರೂ ಕ್ರೂಗ್ ಅದೇ ಆಟದ ಡಿಫೆನ್ಸ್‌ಮನ್ ಅಲ್ಲ. ಎಡಗೈ ಆಟಗಾರ, ಐದಡಿ ಒಂಬತ್ತು ಇಂಚು, ಪವರ್‌ಪ್ಲೇಯಲ್ಲಿ, ಅಂದರೆ ಎದುರಾಳಿಗೆ ಒಬ್ಬ ಆಟಗಾರ ಕಡಿಮೆ ಇರುವಾಗ, ನಿಸ್ಸೀಮ. ಪೀಟ್ರಾಂಜೆಲೊ ಪಂದ್ಯಕ್ಕೆ ಸುಮಾರು 24 ನಿಮಿಷ, ಎದುರಾಳಿಯ ಅತ್ಯುತ್ತಮರ ಮುಂದೆ, ಬಲಬದಿಯಲ್ಲಿ ನಿಲ್ಲುತ್ತಿದ್ದವರು. ಬಲಗೈ ಡಿಫೆನ್ಸ್‌ಮನ್‌ಗಳು ಲೀಗಿನಲ್ಲಿ ಯಾವತ್ತೂ ಕಡಿಮೆ. ಅಂಗಡಿಯಲ್ಲಿ ಅಕ್ಕಿ ಸಿಗಲಿಲ್ಲ ಎಂದು ಒಳ್ಳೆಯ ಬೆಲ್ಲ ತಂದ ಹಾಗಾಯಿತು.

ಮೊದಲೇ ಯಾಕೆ ಬೇರೆ ತಂಡಕ್ಕೆ ಕೊಡಲಿಲ್ಲ? 2020ರ ಫೆಬ್ರವರಿಯ ಟ್ರೇಡ್ ಡೆಡ್‌ಲೈನ್ ಹೊತ್ತಿಗೆ ಬ್ಲೂಸ್ ಹಾಲಿ ಚಾಂಪಿಯನ್, ಲೀಗಿನ ಪಶ್ಚಿಮ ವಿಭಾಗದಲ್ಲಿ ಮುಂಚೂಣಿಯಲ್ಲಿತ್ತು. ಲೀಗ್ ನಿಂತಾಗ 71 ಪಂದ್ಯಗಳಿಂದ 94 ಅಂಕ, ಪಶ್ಚಿಮದಲ್ಲಿ ಮೊದಲ ಸ್ಥಾನ. ಪೀಟ್ರಾಂಜೆಲೊ ಆ ಸೀಸನ್‌ನಲ್ಲಿ 16 ಗೋಲು, ಗೋಲಿಗೆ ಮಾಡಿದ ಸಹಾಯವೂ ಸೇರಿ 52 ಪಾಯಿಂಟ್. ಅದೇ ಫೆಬ್ರವರಿಯಲ್ಲಿ ಇನ್ನೊಬ್ಬ ಹಿರಿಯ ಡಿಫೆನ್ಸ್‌ಮನ್ ಜೇ ಬೌಮೀಸ್ಟರ್ ಪಂದ್ಯದ ನಡುವೆ ಹೃದಯದ ತೊಂದರೆಯಿಂದ ಬೆಂಚಿನಲ್ಲೇ ಕುಸಿದಿದ್ದರು. ಇನ್ನೊಂದು ಕಪ್ ಕಣ್ಣೆದುರು ಇರುವಾಗ, ರಕ್ಷಣೆ ಆಗಲೇ ಬಡವಾಗಿರುವಾಗ, ನಾಯಕನನ್ನು ಮಾರಿದರೆ ಡ್ರೆಸ್ಸಿಂಗ್ ರೂಮಿನಲ್ಲಿ ಮುಖ ತೋರಿಸಲು ಆಗುತ್ತಿತ್ತೇ? ಅದೇ ಆರ್ಮ್‌ಸ್ಟ್ರಾಂಗ್ 2023ರ ಫೆಬ್ರವರಿಯಲ್ಲಿ, ತಂಡ ಹಿಂದೆ ಬಿದ್ದಾಗ, ಒಪ್ಪಂದ ಮುಗಿಯುತ್ತಿದ್ದ ಓರೈಲಿ, ತಾರಸೆಂಕೊ ಇಬ್ಬರನ್ನೂ ಟ್ರೇಡ್ ಮಾಡಿದರು. ಮನುಷ್ಯ ಒಬ್ಬರೇ, ಅಂಕಪಟ್ಟಿ ಬೇರೆ. ಇಷ್ಟೆಲ್ಲ ಮಾಡಿ 2020ರ ಪ್ಲೇಆಫ್‌ನಲ್ಲಿ ಬ್ಲೂಸ್ ಮೊದಲ ಸುತ್ತಿನಲ್ಲೇ ವ್ಯಾಂಕೂವರ್ ಎದುರು ಸೋತಿತು. ಜೂಜಾಡಿದರು, ಸೋತರು. ನನ್ನ ಕಣ್ಣಿಗೆ ಅದು ತಪ್ಪು ಜೂಜಲ್ಲ.

ಒಟ್ಟಿನಲ್ಲಿ ತಂಡದ ಮುಂದೆ ಬೇರೆ ದಾರಿ ಇರಲಿಲ್ಲವೇ? ಇತ್ತು. 2019ರ ಬೇಸಿಗೆಯಲ್ಲೇ, ಕಪ್ ಗೆದ್ದ ಖುಷಿಯಲ್ಲಿ, ಅವರ ಜೊತೆ ಕೂತು ಮುಗಿಸಬಹುದಿತ್ತು. ಆಗ ಕೋವಿಡ್ ಇರಲಿಲ್ಲ, ಫಾಕ್ ಇರಲಿಲ್ಲ. ಕಪ್ ಗೆದ್ದ ಮೇಲೆ ಬೆಲೆ ಏರಿರುತ್ತದೆ ಎಂಬುದೊಂದೇ ತೊಡಕು. ಇನ್ನೊಂದು, 2020ರಲ್ಲಿ ಕೇಳಿದ್ದನ್ನೆಲ್ಲ ಕೊಟ್ಟು, ತಾರಸೆಂಕೊ ಅಥವಾ ಶ್ವಾರ್ಟ್ಸ್‌ರಂಥ ಯಾರನ್ನಾದರೂ ಕಳಿಸಬಹುದಿತ್ತು. ಆಗ ಗೋಲು ಹೊಡೆಯುವವರು ಯಾರು ಎಂಬ ಪ್ರಶ್ನೆ ಏಳುತ್ತಿತ್ತು. ನನಗೆ ಕೇಳಿದರೆ ಮೊದಲನೆಯದೇ ಸರಿ. ಅಲ್ಲಿ ತಡಮಾಡಿದ್ದೇ ಬ್ಲೂಸ್‌ನ ನಿಜವಾದ ತಪ್ಪು. 2020ರ ಅಕ್ಟೋಬರ್‌ನಲ್ಲಿ ಅವರು ತೆಗೆದುಕೊಂಡ ನಿರ್ಧಾರಕ್ಕೆ ನಾನು ಅಷ್ಟು ಬೈಯುವುದಿಲ್ಲ.

ವೇಗಸ್ ಪುಕ್ಕಟೆ ಗೆದ್ದಿತು ಅಂದುಕೊಳ್ಳಬೇಡಿ. ಪೀಟ್ರಾಂಜೆಲೊ ಸಹಿ ಮಾಡಿದ ದಿನವೇ ಜನಪ್ರಿಯ ಡಿಫೆನ್ಸ್‌ಮನ್ ನೇಟ್ ಶ್ಮಿಟ್ ಅವರನ್ನು ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನ ಮೂರನೇ ಸುತ್ತಿನ ಒಂದು ಆಯ್ಕೆಗೆ ಬದಲಾಗಿ ವ್ಯಾಂಕೂವರ್‌ಗೆ ಕೊಟ್ಟರು. ಪಾಲ್ ಸ್ಟಾಸ್ನಿ ವಿನ್ನಿಪೆಗ್‌ಗೆ ಹೋದರು. ಮುಂದಿನ ಬೇಸಿಗೆಯಲ್ಲಿ, ಆ ವರ್ಷದ ಶ್ರೇಷ್ಠ ಗೋಲಿ ಪ್ರಶಸ್ತಿ ಗೆದ್ದ ಮಾರ್ಕ್ ಆಂಡ್ರೆ ಫ್ಲೂರಿಯನ್ನು ಬಹುತೇಕ ಬಿಟ್ಟಿಯಾಗಿ ಶಿಕಾಗೊಗೆ ಕೊಟ್ಟರು. 2021ರ ಮೇ ತಿಂಗಳಲ್ಲಿ ಕ್ಯಾಪ್ ಬಿಗಿಯಾಗಿ, ಗೋಲಿಗಳನ್ನು ಬಿಟ್ಟು 18 ಜನ ಆಟಗಾರರ ಬದಲು 15 ಜನರನ್ನಷ್ಟೇ ಇಳಿಸಿ ಪಂದ್ಯ ಆಡಿದ್ದೂ ಉಂಟು. ವೇಗಸ್‌ನಲ್ಲಿ ಶ್ಮಿಟ್ ಜೆರ್ಸಿ, ಫ್ಲೂರಿ ಜೆರ್ಸಿ ಹಿಡಿದು ಅತ್ತ ಮಕ್ಕಳೂ ಇದ್ದಾರೆ. ಆದರೆ 2023ರ ಜೂನ್‌ನಲ್ಲಿ ಫ್ಲಾರಿಡಾವನ್ನು ಸೋಲಿಸಿ ಕಪ್ ಎತ್ತಿದಾಗ ಅದೆಲ್ಲ ಮರೆತುಹೋಯಿತು.

ಕೊನೆಯದಾಗಿ, ‘ಈಗ ಅವರು ಆಟ ನಿಲ್ಲಿಸಿದ್ದಾರಲ್ಲ, ಬ್ಲೂಸ್ ಮಾಡಿದ್ದೇ ಸರಿ’ ಎಂದು ಯಾರಾದರೂ ಅಂದರೆ ತಲೆ ಆಡಿಸಬೇಡಿ. ಪೀಟ್ರಾಂಜೆಲೊ 2025ರ ಬೇಸಿಗೆಯಲ್ಲಿ ಸೊಂಟದ ಕಾರಣಕ್ಕೆ ಆಟದಿಂದ ದೂರ ಸರಿದರು, ಏಳರಲ್ಲಿ ಐದು ವರ್ಷ ಆಡಿದ ಮೇಲೆ. ಕ್ರೂಗ್ ಏನಾದರು? ಕಣಕಾಲಿನ ತೊಂದರೆಯಿಂದ 2024-25ರ ಇಡೀ ಸೀಸನ್ ಆಡಲಿಲ್ಲ. ಅದಕ್ಕೂ ಮುಂಚೆ, 2023ರಲ್ಲಿ ಅವರನ್ನು ಫಿಲಡೆಲ್ಫಿಯಾಕ್ಕೆ ಕಳಿಸುವ ಮಾತು ನಡೆದಿತ್ತು. ಕ್ರೂಗ್ ತಮ್ಮ ನೋ ಟ್ರೇಡ್ ಹಿಡಿದು ಒಲ್ಲೆ ಅಂದರು. ಅಣ್ಣನನ್ನು ಕೊಡದೆ ತಮ್ಮನನ್ನು ಕೊಟ್ಟರೂ ಕೈ ಕಟ್ಟಿಹೋಯಿತು ನೋಡಿ.

ಇನ್ನೊಂದು ಮಾತು ಹೊರಗಿನವರಿಗೆ ಗೊತ್ತಿರುವುದಿಲ್ಲ. ತಂಡಗಳು ಗಾಯಕ್ಕೆ ಅಷ್ಟು ಹೆದರುವುದಿಲ್ಲ. ದೀರ್ಘ ಗಾಯದ ಪಟ್ಟಿಗೆ ಸೇರಿಸಿದರೆ ಕ್ಯಾಪ್‌ನಲ್ಲಿ ಸ್ವಲ್ಪ ಉಸಿರು ಸಿಗುತ್ತದೆ, ದೊಡ್ಡ ಒಪ್ಪಂದಗಳಿಗೆ ವಿಮೆಯೂ ಇರುವುದುಂಟು. ಅವರು ಬೆಚ್ಚುವುದು ಗಟ್ಟಿಮುಟ್ಟಾಗಿದ್ದೂ ನಿಧಾನವಾದ 35 ವರ್ಷದ ಡಿಫೆನ್ಸ್‌ಮನ್‌ಗೆ. ಅವರನ್ನು ಆಡಿಸಲೂ ಆಗದು, ಕಳಿಸಲೂ ಆಗದು. ಹಾಗಾಗಿ ಇಡೀ ಮಾತುಕತೆ ನಡೆದದ್ದು ಆ ಕೊನೆಯ ಮೂರು ವರ್ಷದ ಅಪಾಯ ಯಾರ ತಲೆಗೆ ಎಂಬುದರ ಮೇಲೆ. ಬ್ಲೂಸ್ ಅರ್ಧ ಹೊರುತ್ತೇನೆ ಅಂದಿತು. ವೇಗಸ್ ಪೂರ್ತಿ ಹೊರುತ್ತೇನೆ ಅಂದಿತು.

ಹಣಕ್ಕೆ ಮಾತ್ರ ಜನ ಹೋಗುತ್ತಾರೆ ಎಂಬುದೂ ಪೂರ್ತಿ ನಿಜವಲ್ಲ. 2005ರಲ್ಲಿ ಸ್ಕಾಟ್ ನೀಡರ್‌ಮೇಯರ್ ಅವರನ್ನು ಉಳಿಸಿಕೊಳ್ಳಲು ನ್ಯೂಜೆರ್ಸಿ ಜಾಸ್ತಿ ಕೊಡಲು ತಯಾರಿತ್ತು. ಅವರು ತಮ್ಮ ರಾಬ್ ಜೊತೆ ಆಡಬೇಕೆಂದು ಆನಹೈಮ್‌ಗೆ ಹೋದರು. ಎರಡು ವರ್ಷಕ್ಕೆ ಅಣ್ಣತಮ್ಮ ಇಬ್ಬರೂ ಒಟ್ಟಿಗೆ ಕಪ್ ಗೆದ್ದರು. ಆ ಬಿಡುಗಡೆಗೆ ಯಾವ ಲೆಕ್ಕಿಗನ ಬಳಿಯೂ ಉತ್ತರವಿಲ್ಲ.

ಮಗನಿಗೆ ಏನು ಹೇಳಬೇಕು ಎಂದು ನೀವು ನೇರವಾಗಿ ಕೇಳಿಲ್ಲ, ಆದರೂ ಹೇಳುತ್ತೇನೆ. ಹದಿಮೂರರ ಹುಡುಗನಿಗೆ ಲೆಕ್ಕ ಅರ್ಥವಾಗುತ್ತದೆ. 840, 815, 65, 88, ಎಲ್ಲವೂ ಲಕ್ಷ ಡಾಲರ್‌ನಲ್ಲಿ, ಈ ನಾಲ್ಕು ಅಂಕಿ ಕಾಗದದ ಮೇಲೆ ಬರೆದು ಕೊಡಿ, ಅವನೇ ಬಿಡಿಸಲಿ. ಇನ್ನು ಮುಂದೆ ಯಾವ ಆಟಗಾರನ ಮೇಲಾದರೂ ಮನಸ್ಸಿಟ್ಟರೆ, ಒಪ್ಪಂದ ಮುಗಿಯಲು ಒಂದು ವರ್ಷ ಇರುವಾಗಿನ ಬೇಸಿಗೆಯನ್ನು ಗಮನಿಸಲಿ. ಆ ಬೇಸಿಗೆ ಸಹಿ ಇಲ್ಲದೆ ಕಳೆದರೆ ಅನುಮಾನ ಪಡಬಹುದು. ಬ್ಲೂಸ್ 2022ರಲ್ಲಿ ರಾಬರ್ಟ್ ಥಾಮಸ್, ಜೋರ್ಡನ್ ಕೈರೂ ಇಬ್ಬರಿಗೂ ಒಂದು ವರ್ಷ ಮೊದಲೇ ಎಂಟೆಂಟು ವರ್ಷಕ್ಕೆ ಸಹಿ ಹಾಕಿಸಿತು. 2019ರ ಬೇಸಿಗೆ ಯಾರಿಗೋ ನೆನಪಿತ್ತು ಅಂತ ಕಾಣುತ್ತದೆ.

27ನೇ ನಂಬರಿನ ಜೆರ್ಸಿಯನ್ನು ಯಾರಿಗೂ ಕೊಡಬೇಡಿ. ಹೊಸದು ಕೊಡಿಸುವಾಗ ಮಾತ್ರ ಅಂಗಡಿಗೆ ಹೋಗುವ ಮುಂಚೆ ಒಪ್ಪಂದ ಎಷ್ಟು ವರ್ಷ ಬಾಕಿ ಇದೆ ಎಂದು ಒಮ್ಮೆ ನೋಡಿಕೊಳ್ಳಿ. ಮಗ ಇನ್ನೂ ಬೆಳೆಯುವ ಹುಡುಗ, ಒಂದು ಸೈಜ್ ದೊಡ್ಡದೇ ತನ್ನಿ.